ನಾನು ಕ್ಲಚ್ ಬಿಟ್ಟ ಕಥೆ

ಹನ್ನೊಂದು ವರ್ಷದಿಂದ ಓಡಿಸುತ್ತಿದ್ದ ನಮ್ಮ ಕಾರು ಒಂದು ದಿನ ಏರಿನಲ್ಲಿ ಕೈಕೊಟ್ಟಿತು. ಎಕ್ಸಲರೇಟರ್ ಒತ್ತಿದರೆ ಇಂಜಿನ್ ಸದ್ದು ಜೋರಾಗುತ್ತಿತ್ತು, ಆರ್‌ಪಿಎಂ ಮುಳ್ಳು ಮೇಲಕ್ಕೆ ಹೋಗುತ್ತಿತ್ತು, ಗಾಡಿ ಮಾತ್ರ ಇದ್ದ ವೇಗದಲ್ಲೇ ತೆವಳುತ್ತಿತ್ತು. ಜೊತೆಗೆ ಏನೋ ಸುಟ್ಟ ವಾಸನೆ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ, "ಕ್ಲಚ್ ಪ್ಲೇಟ್ ಪೂರ್ತಿ ಸವೆದಿದೆ ಮೇಡಂ" ಅಂದರು. ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಪ್ಲೇಟ್ ಅದು. ಆ ಗಾಡಿಗೆ ಅದು ಎರಡನೇ ಪ್ಲೇಟು.

ಪ್ಲೇಟ್ ಬದಲಾಯಿಸಿಕೊಂಡು ಇನ್ನೂ ಎರಡು ವರ್ಷ ದೂಡಬಹುದಿತ್ತು. ಆದರೆ ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಇವರ ಎಡ ಮೊಣಕಾಲಿಗೆ ಲಿಗಮೆಂಟ್ ಆಪರೇಷನ್ ಆಗಿತ್ತು. ನಡೆಯುತ್ತಿದ್ದರು, ಮೆಟ್ಟಿಲು ಹತ್ತುತ್ತಿದ್ದರು. ಕ್ಲಚ್ ಮಾತ್ರ ಇನ್ನೂ ಬೇಡ ಅಂತ ಡಾಕ್ಟರು ಹೇಳಿದ್ದರು. ಒತ್ತುವುದಷ್ಟೇ ಅಲ್ಲ, ಅರ್ಧಕ್ಕೆ ಹಿಡಿದು ನಿಲ್ಲಿಸುವುದು ಮೊಣಕಾಲಿಗೆ ಜಾಸ್ತಿ ಕಷ್ಟವಂತೆ. "ಆಟೋಮ್ಯಾಟಿಕ್ ಇದ್ದಿದ್ರೆ ಬೇಗ ಓಡಿಸಬಹುದಿತ್ತು" ಅಂತ ಅವರು ಅಂದ ಮಾತು ನಮ್ಮಿಬ್ಬರ ತಲೆಯಲ್ಲೂ ಕೂತುಬಿಟ್ಟಿತ್ತು.

ಹಾಗಾದರೆ ಆಟೋಮ್ಯಾಟಿಕ್ ತಗೊಂಡರೆ ಮುಗೀತಲ್ವಾ? ನನಗೆ ಅಷ್ಟು ಸುಲಭ ಆಗಲಿಲ್ಲ. ನನಗೆ ಕ್ಲಚ್ ಅಂದರೆ ಇಷ್ಟ.

ಅಪ್ಪ ನನಗೆ ಕಾರು ಕಲಿಸಿದ್ದು ಒಂದು ಖಾಲಿ ಮೈದಾನದಲ್ಲಿ. ಮೊದಲ ಮೂರು ದಿನ ಬಲಗಾಲು ಎಕ್ಸಲರೇಟರ್ ಮುಟ್ಟುವ ಹಾಗೇ ಇರಲಿಲ್ಲ. "ಕ್ಲಚ್ ಒಂದರಲ್ಲೇ ಗಾಡಿ ಎಬ್ಬಿಸು" ಅನ್ನುತ್ತಿದ್ದರು. ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತಾ ಬಂದರೆ ಒಂದು ಜಾಗ ಸಿಗುತ್ತದೆ. ಇಂಜಿನ್ ಸದ್ದು ಸ್ವಲ್ಪ ದಪ್ಪಗಾಗುತ್ತದೆ. ಸ್ಟೇರಿಂಗ್ ಅಂಗೈಯಲ್ಲಿ ಸಣ್ಣಗೆ ನಡುಗುತ್ತದೆ. ಬಾನೆಟ್ಟಿನ ಮೂಗು ಒಂದು ಬೆರಳಷ್ಟು ಎದ್ದಂತಾಗುತ್ತದೆ. ಅಲ್ಲೇ ಪಾದ ನಿಲ್ಲಿಸಿದರೆ ಗಾಡಿ ತಾನಾಗಿಯೇ ಹೊರಡುತ್ತದೆ. ಗಡಿಬಿಡಿ ಮಾಡಿದರೆ ಎರಡು ಸಲ ಕುಲುಕಿ ಆಫ್. ಆ ಜಾಗ ಮೊದಲ ಸಲ ಸಿಕ್ಕ ದಿನ ನನಗಾದ ಖುಷಿ ಇವತ್ತಿಗೂ ಪಾದದಲ್ಲೇ ಇದೆ. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ.

ಮನಸ್ಸು ಸ್ವಲ್ಪ ಸಡಿಲವಾದದ್ದು ಮಗಳು ಮಾಡಿದ ಒಂದು ಲೆಕ್ಕದಿಂದ. ಒಂದು ಸಂಜೆ ಆಫೀಸಿಂದ ಮನೆಗೆ ಬರುವಾಗ ಅವಳು ಪಕ್ಕದಲ್ಲಿ ಕೂತಿದ್ದಳು. ನಾನು ಕ್ಲಚ್ ಒತ್ತಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದೊಂದು ಗೀಟು ಎಳೆದಳು. ನಾಲ್ಕು ಗೀಟಾದ ಮೇಲೆ ಅಡ್ಡ ಒಂದು. 14 ಕಿಲೋಮೀಟರ್ ದಾರಿ, ಒಂದು ಗಂಟೆ ಹತ್ತು ನಿಮಿಷ. ಮನೆ ಬಾಗಿಲಲ್ಲಿ ಎಣಿಸಿದರೆ 268. ಹೋಗುವಾಗಿನದ್ದೂ ಸೇರಿಸಿದರೆ ದಿನಕ್ಕೆ ಐನೂರು ದಾಟುತ್ತದೆ. ಅದರಲ್ಲಿ ಖುಷಿಯಿಂದ ಒತ್ತಿದ್ದು ಎಷ್ಟು ಅಂತ ನನ್ನನ್ನೇ ಕೇಳಿಕೊಂಡೆ. ಹತ್ತಿಪ್ಪತ್ತು ಇರಬಹುದು. ಮಿಕ್ಕಿದ್ದೆಲ್ಲ ಮುಂದಿನ ಗಾಡಿ ಎರಡು ಅಡಿ ಸರಿದಾಗ ನಾನೂ ಎರಡು ಅಡಿ ಸರಿಯಲು.

ಹುಡುಕಾಟ ಶುರು ಮಾಡಿದಾಗ ಮೊದಲು ಗೊತ್ತಾದದ್ದು, 'ಆಟೋಮ್ಯಾಟಿಕ್' ಅನ್ನುವುದು ಒಂದೇ ವಸ್ತುವಲ್ಲ. ಶೋರೂಮಿನಲ್ಲಿ ಎಲ್ಲವನ್ನೂ ಅದೇ ಹೆಸರಲ್ಲಿ ತೋರಿಸುತ್ತಾರೆ. ಎಲ್ಲದರಲ್ಲೂ ಎರಡೇ ಪೆಡಲ್. ಒಳಗಿರುವುದು ಮಾತ್ರ ನಾಲ್ಕು ಬೇರೆ ಬೇರೆ ಯಂತ್ರ. ಎಎಂಟಿ, ಸಿವಿಟಿ, ಡಿಸಿಟಿ, ಮತ್ತೆ ಟಾರ್ಕ್ ಕನ್ವರ್ಟರ್ ಇರುವ ಹಳೆಯ ಕಾಲದ ಆಟೋಮ್ಯಾಟಿಕ್. ಆದ್ದರಿಂದ ಆಟೋಮ್ಯಾಟಿಕ್ ಬೇಕಾ ಮ್ಯಾನುಯಲ್ ಬೇಕಾ ಅಂತ ಕೇಳಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಯಾವ ಆಟೋಮ್ಯಾಟಿಕ್ ಅನ್ನುವುದೇ ಮೊದಲು ತೀರ್ಮಾನವಾಗಬೇಕಿತ್ತು.

ಟೆಸ್ಟ್ ಡ್ರೈವ್‌ಗೆ ಹೋದರೆ ಎಲ್ಲರೂ ನಮ್ಮನ್ನು ಅಗಲವಾದ ಖಾಲಿ ರಸ್ತೆಗೇ ಕರೆದುಕೊಂಡು ಹೋಗುತ್ತಿದ್ದರು. "ಒತ್ತಿ ಮೇಡಂ, ಪಿಕಪ್ ನೋಡಿ" ಅನ್ನುತ್ತಿದ್ದರು. 60-70ರ ವೇಗದಲ್ಲಿ ಎಲ್ಲ ಗೇರ್‌ಬಾಕ್ಸೂ ಚೆನ್ನಾಗಿಯೇ ಇರುತ್ತದೆ. ಎರಡನೇ ಶೋರೂಮ್ ಹೊತ್ತಿಗೆ ಇವರಿಗೆ ಹೊಳೆಯಿತು. "ನಾವು ದಿನಾ ಓಡಿಸೋದು ಐದು ಕಿಲೋಮೀಟರ್ ಸ್ಪೀಡಲ್ಲಿ ಕಣೇ, ಅದನ್ನ ನೋಡ್ಬೇಕು" ಅಂದರು. ಅಲ್ಲಿಂದ ಮುಂದೆ ನಮ್ಮ ಪರೀಕ್ಷೆ ಬದಲಾಯಿತು. ಸಂಜೆ ಟ್ರಾಫಿಕ್ ಹೊತ್ತಿಗೇ ಗಾಡಿ ಕೇಳುತ್ತಿದ್ದೆವು. ಕಡಿದಾದ ಬೇಸ್‌ಮೆಂಟ್ ರ‍್ಯಾಂಪಿನ ಮಧ್ಯೆ ನಿಲ್ಲಿಸಿ ಮತ್ತೆ ಹೊರಡುತ್ತಿದ್ದೆವು. ಅದೇ ರ‍್ಯಾಂಪಿನಲ್ಲಿ ರಿವರ್ಸ್ ಕೂಡ. ಗೇರ್‌ಬಾಕ್ಸಿನ ಗುಣ ಗೊತ್ತಾಗುವುದು ನಡಿಗೆಯ ವೇಗದಲ್ಲಿ. ಯಾರಾದರೂ ಆಟೋಮ್ಯಾಟಿಕ್ ತಗೊಳ್ಳುತ್ತೇನೆ ಅಂದರೆ ನಾನು ಈಗ ಮೊದಲು ಹೇಳುವುದೇ ಇದನ್ನು.

ಮೊದಲು ಓಡಿಸಿದ್ದು ಎಎಂಟಿ. ಇದು ನಿಜವಾಗಿ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಗೇರುಗಳು, ಅದೇ ಕ್ಲಚ್ ಪ್ಲೇಟ್. ನಮ್ಮ ಕಾಲು, ಕೈ ಮಾಡುವ ಕೆಲಸವನ್ನು ಒಂದು ಸಣ್ಣ ಮೋಟಾರೋ ಹೈಡ್ರಾಲಿಕ್ ಸಾಧನವೋ ಮಾಡುತ್ತದೆ. ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಂತು ಮತ್ತೆ ಬರುತ್ತದೆ, ತಲೆ ಸಣ್ಣಗೆ ಮುಂದಕ್ಕೆ ವಾಲುತ್ತದೆ. ಅದು ನನಗೆ ತೊಂದರೆ ಅನ್ನಿಸಲಿಲ್ಲ. ಗೇರ್ ಬೀಳುವ ಹೊತ್ತಿಗೆ ಎಕ್ಸಲರೇಟರ್ ಸ್ವಲ್ಪ ಸಡಿಲ ಬಿಟ್ಟರೆ ಅರ್ಧ ಕಡಿಮೆಯಾಗುತ್ತದೆ. ರ‍್ಯಾಂಪಿನಲ್ಲಿ ಮಾತ್ರ ಎದೆ ಝಲ್ಲೆಂದಿತು. ಬ್ರೇಕ್ ಬಿಟ್ಟು ಎಕ್ಸಲರೇಟರ್ ಒತ್ತುವಷ್ಟರಲ್ಲಿ ಗಾಡಿ ಒಂದು ಮೊಳ ಹಿಂದಕ್ಕೆ ಜಾರಿತು, ಆಮೇಲೆ ಹಿಡಿಯಿತು. ಆ ಗಾಡಿಯಲ್ಲಿ ಹಿಲ್ ಹೋಲ್ಡ್ ಇರಲಿಲ್ಲ. ಅದು ಇದ್ದರೆ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಎಂಟಿ ತಗೊಳ್ಳುವವರು ಇದನ್ನು ಕೇಳಿಯೇ ತಗೊಳ್ಳಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಏರಿನಲ್ಲಿ ನಿಂತಾಗ ಬ್ರೇಕ್ ಒತ್ತದೆ, ಎಕ್ಸಲರೇಟರ್‌ನಲ್ಲೇ ಗಾಡಿಯನ್ನು ತೂಗಿಸಿಕೊಂಡು ನಿಲ್ಲುವ ಅಭ್ಯಾಸ ತುಂಬ ಜನಕ್ಕಿದೆ. ಎರಡು ಪೆಡಲ್ ಗಾಡಿ ಅಂದ ಮೇಲೆ ಏನೂ ಆಗಲ್ಲ ಅನ್ನಿಸುತ್ತದೆ. ಎಎಂಟಿಯಲ್ಲಿ ಹಾಗೆ ಮಾಡಿದರೆ ಅದು ಹಾಫ್ ಕ್ಲಚ್ಚೇ. ಒಳಗೆ ಪ್ಲೇಟ್ ಉಜ್ಜುತ್ತಲೇ ಇರುತ್ತದೆ. ಡಿಸಿಟಿಯಲ್ಲೂ ಹಾಗೇ.

ಡಿಸಿಟಿ ನಮ್ಮಿಬ್ಬರನ್ನೂ ಮರುಳು ಮಾಡಿತು. ಅದರಲ್ಲಿ ಎರಡು ಕ್ಲಚ್. ಒಂದು, ಮೂರು, ಐದು ಒಂದು ಕ್ಲಚ್ಚಿಗೆ. ಎರಡು, ನಾಲ್ಕು, ಆರು ಇನ್ನೊಂದಕ್ಕೆ. ಎರಡನೇ ಗೇರಿನಲ್ಲಿ ಹೋಗುತ್ತಿರುವಾಗಲೇ ಮೂರನೆಯದು ಸಿದ್ಧವಾಗಿ ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ. ಎಳೆತ ಎಲ್ಲೂ ಕಡಿಯುವುದಿಲ್ಲ. ಮಾರಾಟದ ಕಾರುಗಳಲ್ಲಿ ಇದು ಮೊದಲು ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ. ನಾವು ಓಡಿಸಿದ ಗಾಡಿ ಖಾಲಿ ರಸ್ತೆಯಲ್ಲಿ ಬೆಣ್ಣೆಯ ಹಾಗೆ ಹೋಯಿತು. ಟ್ರಾಫಿಕ್ಕಿನಲ್ಲಿ ಮಾತ್ರ ತಡವರಿಸಿತು. ತೆವಳುವಾಗ ಫಸ್ಟಾ ಸೆಕೆಂಡಾ ಅಂತ ಅದಕ್ಕೇ ಗೊತ್ತಾಗುತ್ತಿರಲಿಲ್ಲ, ಒಮ್ಮೊಮ್ಮೆ ಜರ್ಕ್ ಹೊಡೆಯುತ್ತಿತ್ತು. ಅದರಲ್ಲಿದ್ದದ್ದು ಡ್ರೈ ಕ್ಲಚ್. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ಚಿನಲ್ಲಿ ಎಣ್ಣೆಯೇ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಡ್ರೈ ಕ್ಲಚ್ಚಿಗೆ ಆ ಅನುಕೂಲ ಇಲ್ಲ, ಗಂಟೆಗಟ್ಟಲೆ ತೆವಳಿದರೆ ಬೇಗ ಬಿಸಿಯಾಗುತ್ತದೆ. ನಮ್ಮ ಪರಿಚಯದವರೊಬ್ಬರಿಗೆ ಜಾಮ್‌ನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಎಚ್ಚರಿಕೆ ಬಂದು, ಬದಿಗೆ ನಿಲ್ಲಿಸಿ ಆರುವವರೆಗೆ ಕಾಯಬೇಕಾಗಿ ಬಂದಿತ್ತು. ನಮ್ಮ 14 ಕಿಲೋಮೀಟರ್ ನೆನಪಾಗಿ ಅದನ್ನು ಕೈಬಿಟ್ಟೆವು. ದಿನಾ ಹೈವೇಯಲ್ಲಿ ಓಡಿಸುವವರಾಗಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದೆವೋ ಏನೋ.

ಸಿವಿಟಿ ನಿಜಕ್ಕೂ ಚಂದದ ಯಂತ್ರ. ಅದರಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲ. ಎರಡು ರಾಟೆಗಳ ನಡುವೆ ಒಂದು ಉಕ್ಕಿನ ಬೆಲ್ಟ್. ರಾಟೆಯ ಎರಡು ಬದಿ ಹತ್ತಿರ ಬಂದರೆ ಬೆಲ್ಟ್ ಅಂಚಿಗೆ ಏರುತ್ತದೆ, ದೂರ ಸರಿದರೆ ಒಳಕ್ಕೆ ಇಳಿಯುತ್ತದೆ. ಹಾಗೆ ಗೇರ್ ಅಳತೆ ಬದಲಾಗುತ್ತಲೇ ಇರುತ್ತದೆ, ಎಲ್ಲೂ ತಡೆಯಿಲ್ಲ. ನೆದರ್‌ಲ್ಯಾಂಡ್ಸಿನ ಡಾಫ್ ಕಂಪನಿ 1958ರಲ್ಲೇ ರಬ್ಬರ್ ಬೆಲ್ಟ್ ಹಾಕಿ ಇಂಥ ಕಾರನ್ನು ತೋರಿಸಿತ್ತು. ಟ್ರಾಫಿಕ್ಕಿನಲ್ಲಿ ಸಿವಿಟಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನನಗೆ ಹೊಂದದೇ ಹೋದದ್ದು ಅದರ ಸದ್ದು. ಏರಿನಲ್ಲಿ ಜೋರಾಗಿ ಒತ್ತಿದರೆ ಇಂಜಿನ್ ಒಂದೇ ಸ್ವರದಲ್ಲಿ ಕೂಗುತ್ತಾ ನಿಲ್ಲುತ್ತದೆ, ವೇಗ ಹಿಂದಿನಿಂದ ನಿಧಾನವಾಗಿ ಬರುತ್ತದೆ. ಕೆಟ್ಟುಹೋಗಿದ್ದ ನನ್ನ ಹಳೆ ಕ್ಲಚ್ ನೆನಪಾಗುತ್ತಿತ್ತು. ಅದೂ ಹೀಗೇ ಕೂಗುತ್ತಿತ್ತಲ್ಲ. ಯಂತ್ರದಲ್ಲಿ ಏನೂ ತಪ್ಪಿಲ್ಲ ಅಂತ ಗೊತ್ತಿದ್ದರೂ ನನ್ನ ಕಿವಿ ಒಪ್ಪಲಿಲ್ಲ. ಇವರಿಗೆ ಅದೇ ಇಷ್ಟವಾಗಿತ್ತು. ಒಂದು ವಾರ ಈ ವಿಷಯಕ್ಕೇ ಮಾತುಕತೆ ನಡೆಯಿತು.

ಕೊನೆಗೆ ಟಾರ್ಕ್ ಕನ್ವರ್ಟರ್. ಇದರಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಉಜ್ಜುವ ಪ್ಲೇಟಿನ ಬದಲು ಎಣ್ಣೆ ಇರುತ್ತದೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಗಾಳಿಯ ಜಾಗದಲ್ಲಿ ಎಣ್ಣೆ, ಅಷ್ಟೇ. ಹೆರ್ಮನ್ ಫೋಟಿಂಗರ್ ಎಂಬ ಜರ್ಮನ್ ಇಂಜಿನಿಯರ್ 1905ರಲ್ಲಿ ಇದನ್ನು ಯೋಚಿಸಿದ್ದು ಹಡಗುಗಳಿಗಾಗಿ. ಎಣ್ಣೆಯ ಮೂಲಕ ಶಕ್ತಿ ದಾಟಿಸಿ, ಕ್ಲಚ್ ಪೆಡಲ್ಲೇ ಇಲ್ಲದ ಕಾರು ದೊಡ್ಡ ಸಂಖ್ಯೆಯಲ್ಲಿ ರಸ್ತೆಗೆ ಬಂದದ್ದು ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನಲ್ಲಿ ಹೈಡ್ರಾಮ್ಯಾಟಿಕ್ ಕೊಟ್ಟಾಗ. ಹಳೆಯ ಕಾಲದಲ್ಲಿ ಇವು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದವು, ಎಣ್ಣೆ ಜಾರುವುದರಲ್ಲೇ ಸ್ವಲ್ಪ ಶಕ್ತಿ ಪೋಲಾಗುತ್ತಿತ್ತು. ಈಗ ವೇಗ ಹಿಡಿದ ಮೇಲೆ ಒಳಗೊಂದು ಲಾಕ್‌ಅಪ್ ಕ್ಲಚ್ ಬಿಗಿಯಾಗಿ ಎರಡನ್ನೂ ಒಂದು ಮಾಡುತ್ತದೆ. ಗೇರುಗಳೂ ಆರು, ಎಂಟು ಇರುತ್ತವೆ. ಆದರೂ ನಿಂತು ನಿಂತು ಹೋಗುವ ದಾರಿಯಲ್ಲಿ ಇದರ ಮೈಲೇಜ್ ಸ್ವಲ್ಪ ಕಡಿಮೆಯೇ. ಅದನ್ನು ಒಪ್ಪಿಕೊಂಡೇ ತಗೊಳ್ಳಬೇಕು.

ರ‍್ಯಾಂಪಿನ ಮಧ್ಯೆ ನಿಲ್ಲಿಸಿದೆ. ಬ್ರೇಕಿನಿಂದ ಕಾಲು ತೆಗೆದೆ. ಗಾಡಿ ಹಿಂದಕ್ಕೆ ಜಾರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಅಲ್ಲೇ ನಿಂತು, ಎಕ್ಸಲರೇಟರ್ ಮುಟ್ಟುತ್ತಿದ್ದ ಹಾಗೆ ಮೇಲಕ್ಕೆ ಹೊರಟಿತು. ಸಮತಟ್ಟಾದ ಕಡೆ ಬ್ರೇಕ್ ಬಿಟ್ಟರೆ ಸಾಕು, ತಾನೇ ಮುಂದಕ್ಕೆ ತೆವಳುತ್ತದೆ. ಆಗ ಪಕ್ಕನೆ ಮೈದಾನ ನೆನಪಾಯಿತು. ಎಕ್ಸಲರೇಟರ್ ಮುಟ್ಟದೆ ಗಾಡಿ ಎಬ್ಬಿಸು ಅಂತ ಅಪ್ಪ ಹೇಳಿಕೊಟ್ಟದ್ದೂ ಇದೇ ಅಲ್ವಾ? ಅದನ್ನು ಈಗ ಎಣ್ಣೆ ಮಾಡುತ್ತಿತ್ತು.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸ್ವಲ್ಪ ಅಳುಕಿತ್ತು. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ. "ಬೆಟ್ಟ ಇಳಿಯುವಾಗ ಗೇರ್ ನಿನ್ನ ಕೈಲಿರುತ್ತೇನಮ್ಮ?"

ಅದನ್ನು ನಾನು ನೋಡಿಯೇ ಇರಲಿಲ್ಲ. ಮ್ಯಾನುಯಲ್‌ನಲ್ಲಿ ಉದ್ದ ಇಳಿಜಾರು ಬಂದರೆ ಸೆಕೆಂಡ್ ಗೇರಿಗೆ ಹಾಕುತ್ತೇವೆ, ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಬರೀ 'ಡಿ'ಯಲ್ಲಿ, ಅಂದರೆ ಗೇರನ್ನು ಗಾಡಿಯೇ ಆರಿಸಿಕೊಳ್ಳುವ ಡ್ರೈವ್‌ನಲ್ಲಿ ಬಿಟ್ಟರೆ ಎಷ್ಟೋ ಗಾಡಿಗಳು ವೇಗ ಏರಿತು ಅಂತ ಮೇಲಿನ ಗೇರಿಗೆ ಹೋಗಿಬಿಡುತ್ತವೆ. ಆಗ ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾದು ವಾಸನೆ ಬರುತ್ತದೆ, ಕೊನೆಗೆ ಒತ್ತಿದರೂ ಹಿಡಿಯದ ಹಾಗಾಗುತ್ತದೆ. ಮರುದಿನ ಮತ್ತೆ ಶೋರೂಮಿಗೆ ಹೋಗಿ, ಒಂದು ಒಳ್ಳೆಯ ಇಳಿಜಾರು ಹುಡುಕಿ, ಲಿವರನ್ನು ಮ್ಯಾನುಯಲ್ ಮೋಡ್‌ಗೆ ಸರಿಸಿ ಎರಡನೇ ಗೇರಿಗೆ ಇಳಿಸಿದೆ. ಗಾಡಿ ತಡೆದುಕೊಂಡಿತು. ಗೇರ್ ನಮ್ಮ ಕೈಯಲ್ಲೇ ಇತ್ತು. ಅಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ.

ಬುಕ್ ಮಾಡುವ ಮುಂಚೆ ಅದೇ ಕಾರಿನ ಮ್ಯಾನುಯಲ್ಲನ್ನೂ ಒಂದು ಸಲ ಓಡಿಸಿದೆ. ಓಡಿಸಬಾರದಿತ್ತು ಅನ್ನಿಸುವಷ್ಟು ಚೆನ್ನಾಗಿತ್ತು. ಕ್ಲಚ್ ಹಗುರ, ಗೇರ್ ಬೆಣೆ ಕೂತ ಹಾಗೆ ಟಕ್ ಅಂತ ಬೀಳುತ್ತಿತ್ತು. ಮ್ಯಾನುಯಲ್ ಆರಿಸಿಕೊಳ್ಳುವವರನ್ನು ನಾನು ಹಿಂದುಳಿದವರು ಅಂತ ಯಾವತ್ತೂ ಅನ್ನುವುದಿಲ್ಲ. ಮೊದಲ ಖರ್ಚು ಕಡಿಮೆ. ಕೆಟ್ಟರೆ ಯಾವ ಗ್ಯಾರೇಜಿನಲ್ಲಾದರೂ ಬಿಚ್ಚಿ ಜೋಡಿಸುತ್ತಾರೆ. ಬ್ಯಾಟರಿ ಕೈಕೊಟ್ಟರೆ ನಾಲ್ಕು ಜನ ತಳ್ಳಿದರೆ ಸ್ಟಾರ್ಟ್ ಆಗುತ್ತದೆ. ನಮ್ಮದಕ್ಕೆ ಆ ಅವಕಾಶ ಇಲ್ಲ, ಇನ್ನೊಂದು ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವ ಜಂಪ್ ಕೇಬಲ್ ಡಿಕ್ಕಿಯಲ್ಲಿ ಇರಲೇಬೇಕು. ಹೊಸದಾಗಿ ಕಲಿಯುವವರಿಗೆ ಇನ್ನೊಂದು ಮಾತು. ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದರೆ ಹಲವು ದೇಶಗಳಲ್ಲಿ ಆಟೋಮ್ಯಾಟಿಕ್ ಓಡಿಸಲು ಮಾತ್ರ ಲೈಸೆನ್ಸ್ ಸಿಗುತ್ತದೆ. ಸಾಧ್ಯವಿದ್ದರೆ ಮ್ಯಾನುಯಲ್‌ನಲ್ಲೇ ಕಲಿಯಿರಿ. ಮಗಳಿಗೂ ನಾನು ಹಾಗೇ ಕಲಿಸುವುದು.

ಗಾಡಿ ಮನೆಗೆ ಬಂದ ಮೊದಲ ದಿನವೇ ಒಂದು ತಪ್ಪು ಮಾಡಿದೆ. ಸಿಗ್ನಲ್ ಹತ್ತಿರ ನಿಧಾನ ಮಾಡುವಾಗ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿಕೊಂಡು ಹೋಯಿತು. ಸಿಕ್ಕಿದ್ದು ಬ್ರೇಕ್ ಪೆಡಲಿನ ಅಂಚು. ಕ್ಲಚ್ ಒತ್ತುವ ಜೋರಿನಲ್ಲಿ ಬ್ರೇಕ್ ಒತ್ತಿದರೆ ಏನಾಗುತ್ತದೆ ಹೇಳಿ! ಗಾಡಿ ಗಕ್ಕನೆ ನಿಂತಿತು, ಸೀಟ್ ಬೆಲ್ಟ್ ಎದೆಗೆ ಬಿಗಿಯಿತು, ಹಿಂದಿನವರು ಹೇಗೋ ಹಿಡಿದರು. ಕೈಕಾಲು ನಡುಗಿಬಿಟ್ಟವು. ಆಮೇಲೆ ಒಂದು ವಾರ ಎಡಗಾಲನ್ನು ಹಿಂದಕ್ಕೆ ಮಡಚಿ ಸೀಟಿನ ಬುಡಕ್ಕೆ ತಾಗಿಸಿ ಇಟ್ಟುಕೊಂಡು ಓಡಿಸಿದೆ. ಬ್ರೇಕಿಗೂ ಎಕ್ಸಲರೇಟರಿಗೂ ಬಲಗಾಲು ಒಂದೇ. ಹಿಮ್ಮಡಿ ಬ್ರೇಕಿನ ನೇರಕ್ಕೆ ಊರಿರಬೇಕು, ಮುಂಪಾದ ಮಾತ್ರ ಆ ಕಡೆ ಈ ಕಡೆ ತಿರುಗಬೇಕು. ಬ್ರೇಕ್ ಅಂದುಕೊಂಡು ಎಕ್ಸಲರೇಟರ್ ಒತ್ತುವ ಅಪಘಾತಗಳು ನಡೆಯುತ್ತಲೇ ಇರುತ್ತವೆ. ಮ್ಯಾನುಯಲ್‌ನಲ್ಲಿ ಎಡಗಾಲು ಕ್ಲಚ್ ಒತ್ತಿಬಿಟ್ಟರೆ ಗಾಡಿಗೆ ಹೋಗುವ ಎಳೆತವಾದರೂ ತಪ್ಪುತ್ತದೆ. ಇಲ್ಲಿ ಆ ತಡೆ ಇಲ್ಲ. ಆದ್ದರಿಂದ ಪಾರ್ಕಿಂಗ್ ಮಾಡುವಾಗ ಅವಸರ ಬೇಡ.

ಕಲಿತ ಬೇರೆ ವಿಷಯಗಳೂ ಇವೆ. ಗಾಡಿ ಪೂರ್ತಿ ನಿಲ್ಲದೆ 'ಡಿ'ಯಿಂದ ರಿವರ್ಸ್ ಗೇರಾದ 'ಆರ್‌'ಗೆ ಹಾಕಬಾರದು. ಪೆಟ್ರೋಲ್ ಉಳಿಸುತ್ತೇನೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು. ಕೆಟ್ಟು ನಿಂತರೆ ಇಂಜಿನ್ ತಿರುಗಿಸುವ ಚಕ್ರಗಳು ನೆಲಕ್ಕೆ ತಾಗಿದ ಹಾಗೆ ದೂರ ಎಳೆಸಬಾರದು. ಗೇರ್‌ಬಾಕ್ಸಿಗೆ ಎಣ್ಣೆ ತಳ್ಳುವ ಪಂಪು ಇಂಜಿನ್ ಓಡಿದರೆ ಮಾತ್ರ ಕೆಲಸ ಮಾಡುತ್ತದೆ. ಎಣ್ಣೆ ಇಲ್ಲದೆ ಒಳಗಿನದೆಲ್ಲ ತಿರುಗಿದರೆ ಹಾಳಾಗುತ್ತದೆ. ಇನ್ನು ಆ ಎಣ್ಣೆ ಜೀವನಪೂರ್ತಿ ಬದಲಾಯಿಸಬೇಕಿಲ್ಲ ಅಂತ ಶೋರೂಮಿನಲ್ಲಿ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ ಎಂಟು ವರ್ಷದೊಳಗೆ ಎಣ್ಣೆ ಬದಲಾಯಿಸಲು ಹೇಳುತ್ತದೆ. ನಮ್ಮದು ಬೇರೆ ಕಂಪನಿಯದ್ದು. ಆದರೂ 60,000ಕ್ಕೆ ಬದಲಾಯಿಸಬೇಕು ಅಂತ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಚೀಟಿ ಬರೆದಿಟ್ಟಿದ್ದೇನೆ.

ಪಾರ್ಕ್ ಮಾಡುವ ಕ್ರಮ ಮಾತ್ರ ಎಲ್ಲರೂ ಕಲಿಯಬೇಕು. ಏರಿನಲ್ಲಿ ನಿಲ್ಲಿಸಿ ಸೀದಾ 'ಪಿ'ಗೆ ಹಾಕಿ ಬ್ರೇಕ್ ಬಿಟ್ಟರೆ, ಇಡೀ ಗಾಡಿಯ ಭಾರ ಒಳಗಿರುವ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಹಲ್ಲಿನ ಚಕ್ರವೊಂದರ ಸಂದಿಗೆ ಸಿಕ್ಕಿಕೊಳ್ಳುವ ಬೆರಳಿನಂಥ ಕೊಕ್ಕೆ ಅದು. ಮತ್ತೆ ಲಿವರ್ ತೆಗೆಯುವಾಗ ಟಕ್ ಅಂತ ದೊಡ್ಡ ಸದ್ದು ಬರುವುದು ಅದಕ್ಕೇ. ಬ್ರೇಕ್ ಒತ್ತಿ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಬ್ರೇಕ್ ಬಿಡಬೇಕು. ಗಾಡಿ ಸ್ವಲ್ಪ ಕೂತುಕೊಳ್ಳುತ್ತದೆ. ಆಮೇಲೆ ಮತ್ತೆ ಬ್ರೇಕ್ ಒತ್ತಿ 'ಪಿ'.

ಡಾಕ್ಟರು ಸರಿ ಅಂದ ಮೇಲೆ ಇವರು ಮೊದಲ ಸಲ ಓಡಿಸಿದ್ದು ಒಂದು ಭಾನುವಾರ. ನಾನು ಪಕ್ಕದಲ್ಲಿ ಕೂತಿದ್ದೆ, ಮಗಳು ಹಿಂದೆ. "ರೀ, ಎಡಗಾಲು ಮಡಚಿ" ಅಂತ ಎರಡು ಸಲ ನೆನಪಿಸಿದೆ. ಜಾಮ್‌ನಲ್ಲಿ ಇಪ್ಪತ್ತು ನಿಮಿಷ ತೆವಳಿದೆವು. ಮಗಳು ಹಿಂದಿನಿಂದ ಬಗ್ಗಿ ನೋಡಿ, "ಗೀಟು ಎಳೆಯೋಕೆ ಏನೂ ಇಲ್ಲ ಅಪ್ಪ" ಅಂದಳು. ವಾಪಸ್ ಬಂದು ರ‍್ಯಾಂಪ್ ಹತ್ತಿ ನಮ್ಮ ಜಾಗದಲ್ಲಿ ನಿಲ್ಲಿಸಿದರು. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಬ್ರೇಕ್ ಬಿಟ್ಟರು, ಗಾಡಿ ಒಂದು ಇಂಚು ಹಿಂದೆ ಸರಿದು ಕೂತಿತು. ಮತ್ತೆ ಬ್ರೇಕ್ ಒತ್ತಿ 'ಪಿ'ಗೆ ಹಾಕಿದರು. ಎಡಗಾಲು ಹೊರಟಾಗ ಇದ್ದ ಜಾಗದಲ್ಲೇ ಇತ್ತು.